ಸಾಕು

ಕೊಟ್ಟಿಗೆಯ ಗೋಡೆಯ ಮೇಲೆ ಇನ್ನೂ ಇದೆ, ಕಪ್ಪು ಅಚ್ಚಿನಲ್ಲಿ:
ಡಿಡಿಟಿ, ೧೯೪೮.
ಸುಣ್ಣ ಬಳಿದರೂ ಎರಡು ಮಳೆಗೆ ಮತ್ತೆ ಮೇಲೇಳುತ್ತದೆ.
ಅಪ್ಪನಿಗೆ ಆಗ ಏಳು ವರ್ಷ. ದಿನ ಬಿಟ್ಟು ದಿನ ಚಳಿಜ್ವರ,
ಹಲ್ಲು ಕಟಕಟ, ಮೈಮೇಲೆ ಮನೆಯ ಅಷ್ಟೂ ಕಂಬಳಿ,
ಪಕ್ಕದಲ್ಲಿ ತಣ್ಣಗಾದ ತಮ್ಮ, ಮಿಯಾಲಿನು.
ಅಪ್ಪ ಉಳಿದ.
ಸಾರ್ಡೀನಿಯಾದಲ್ಲಿ ಹರಿದುಬಂದದ್ದು ಉಳಿದವರ ರಕ್ತವೇ,
ನೆರಳು ಅಲುಗಿದರೂ ಕತ್ತಿ ಹಿರಿಯುವ ರಕ್ತ.

ನನ್ನ ಬಲಗಾಲು ಎಳೆಯತೊಡಗಿದ್ದು ಚೀಸ್ ಮಾಡುವ ಒಂದು ಮುಂಜಾನೆ.
ಮೊದಲು ಹೆಬ್ಬೆರಳು, ಆಮೇಲೆ ಪಾದ,
ಆಮೇಲೆ ಎಡಗಣ್ಣಿನಿಂದ ಎದುರಿನ ಬೆಟ್ಟ ಅರ್ಧ ಹೋಯಿತು.
ಕಾಲಿಯಾರಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಪುದ್ದು
ಮೆದುಳಿನ ಚಿತ್ರ ದೀಪಕ್ಕೆ ಹಿಡಿದಳು.
ಕತ್ತಲ ಹೊಲದಲ್ಲಿ ಯಾರೋ ಉಪ್ಪು ಚೆಲ್ಲಿ ನಡೆದಿದ್ದರು.
"ಹೊರಗಿನವರು ಯಾರೂ ಬಂದಿಲ್ಲ ಬೊನಾರಿಯಾ. ಎಲ್ಲ ನಿನ್ನವರೇ.
ನರದ ಮೇಲಿನ ಹೊದಿಕೆ ಸುಲಿಯುತ್ತಿದ್ದಾರೆ,
ತಂತಿಯ ರಬ್ಬರು ಇಲಿ ಕಡಿದ ಹಾಗೆ."

ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನಬಹುದು.
ಆದರೆ ಬೇಲಿಗೆ ಹಸಿವಿಲ್ಲ.
ಅದಕ್ಕೆ ಇನ್ನೂ ಭಯ. ಸೊಳ್ಳೆ ಹೋಗಿ ಕಾಲವಾಯಿತೆಂದು
ಯಾರೂ ಅದಕ್ಕೆ ಹೇಳಿಲ್ಲ.

"ಹೇಳುವವರು ಇರುತ್ತಾರೆ," ಅಂದಳು ಅವಳು, "ಕೆಲವೇ ಮಂದಿ,
ನೂರು ಕಾವಲುಗಾರರಿಗೆ ಐದೋ ಹತ್ತೋ.
ಅವರಿಗಿರುವುದು ಒಂದೇ ಮಾತು: ಸಾಕು.
ನಿನ್ನಲ್ಲೂ ಇದ್ದಾರೆ, ಎಣಿಸಿ ನೋಡಿದೆ.
ದನಿ ಇಳಿದಿದೆ."

ಇದನ್ನು ಅಪ್ಪನಿಗೆ ಹೇಗೆ ಹೇಳುವುದು?
ಈಸ್ಟರಿನ ಮರಿ ಕೊಯ್ಯುವ ದಿನ, ಬಕೀಸಿಯೊ ಸೋರುವ, ನನ್ನ ಅಪ್ಪ,
ಗಂಟಲ ಕೆಳಗಿನ ಮೆತ್ತನೆಯ ಬಿಳಿ ಗಡ್ಡೆ ಬಿಡಿಸಿ
ಕಂಬಿಗೆ ಪೋಣಿಸಲು ಪಕ್ಕಕ್ಕಿಟ್ಟ.
"ಇದು," ಅಂದೆ, "ಥೈಮಸ್. ಇದೇ ಅವರ ಶಾಲೆ."
"ಮುದಿ ಕುರಿಯಲ್ಲಿ ಸಿಗುವುದಿಲ್ಲ ಇದು. ಕೊಬ್ಬಾಗಿಬಿಡುತ್ತದೆ."
"ಶಾಲೆ ಮುಚ್ಚುತ್ತದೆ. ಕಲಿತವರು ಉಳಿಯುತ್ತಾರೆ."
"ಏನು ಕಲಿಯುವುದು?"
"ಮನೆಯವರ ಮುಖ.
ಅದನ್ನು ಕಂಡು ಗುರ್ರೆಂದವರನ್ನು ಅಲ್ಲೇ ಮುಗಿಸುತ್ತಾರೆ.
ಗುರ್ರೆಂದವರಲ್ಲೇ ಒಂದಿಷ್ಟು ಜನವನ್ನು ಮಾತ್ರ ಉಳಿಸಿಕೊಂಡು
ಕಾವಲಿಗೇ ಕಾವಲಿಡುತ್ತಾರೆ."

ಅಪ್ಪ ಚಾಕು ಒರೆಸಿದ. ಒಂದೇ ಕಡೆ, ಮತ್ತೆ ಮತ್ತೆ.

ಆಮೇಲೆ ನಿಯೆಡ್ಡಾಳ ಮಾತು ಬಂತು, ನಾನು ಹುಟ್ಟುವ ಮೊದಲಿನ ಕರಿ ನಾಯಿ.
ಎಳೆಯದಿದ್ದಾಗ ನಮ್ಮ ಮರಿಯ ಕಿವಿಯನ್ನೇ ಹರಿದಿತ್ತು.
"ಗುಂಡಿಕ್ಕು ಅಂದರು ಊರವರು. ಬಂದೂಕು ತಂದೂ ಆಗಿತ್ತು.
ಯಾಕೋ, ಸಾಕಿದೆ.
ಮುಂದೆ ರಾತ್ರಿ ಉಳಿದ ನಾಯಿಗಳಿಗೆ ಹುಚ್ಚೆದ್ದು
ಮಂದೆಯ ಮೇಲೇ ಬಿದ್ದಾಗ
ಇವಳು ಬೊಗಳಲಿಲ್ಲ, ಕಚ್ಚಲಿಲ್ಲ,
ಹೋಗಿ ನಡುವೆ ನಿಂತಳು, ಅಷ್ಟೆ.
ಕುರಿಯ ವಾಸನೆ ಅವಳಷ್ಟು ಬಲ್ಲವರು ಯಾರಿದ್ದರು?"

ಹೊಗೆ ಅವನ ಕಣ್ಣಿಗೆ ಬಂತು. ಎದ್ದು ಜಾಗ ಬದಲಿಸಿದ.

ತಿಂಗಳಿಗೊಂದು ಸೂಜಿ ಈಗ. ಕಾವಲಿನ ಅರ್ಧ ಮಂದಿಯನ್ನು
ಮಲಗಿಸುವ ಮದ್ದು. ನೆಗಡಿ ಬಂದರೂ ಹೆದರಬೇಕು.
ರಾತ್ರಿ ಪಾದದಲ್ಲಿ ಇರುವೆಯ ಸಾಲು ಹರಿಯುವಾಗ
ಎದೆಮೂಳೆಯ ಮೇಲೆ, ಆ ಮುಚ್ಚಿದ ಶಾಲೆಯ ಕದದ ಮೇಲೆ
ಅಂಗೈ ಇಟ್ಟು ಮಲಗುತ್ತೇನೆ.
ಒಳಗೆ ಎಲ್ಲೋ, ನೂರರ ನಡುವೆ,
ಒಬ್ಬಳು ಕರಿ ನಾಯಿ ಎದ್ದು ನಿಂತಳೋ, ಇಲ್ಲವೋ.

ಇವತ್ತು ಬೆಳಿಗ್ಗೆ ಹೆಬ್ಬೆರಳು ಅಲುಗಿತು.
ಅಪ್ಪನಿಗೆ ಹೇಳಿಲ್ಲ ಇನ್ನೂ.
ಹಾಲು ಬೆಚ್ಚಗಾಗಿದೆ, ಹೆಪ್ಪು ಹಾಕಬೇಕು.